ಕೂರುವ ಪೆಟ್ಟಿಗೆಯೊಳಗೆ ಒಂದು ಸೌಂಡ್ ಸಿಸ್ಟಂ

(ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಗಳ ಪರವಾಗಿ ಆಡಿದ ಮಾತುಗಳ ಬರಹ ರೂಪ)



ಸಮಿತಿಯವರು ಫೋನ್ ಮಾಡಿ, "ನೀವು ಸಾಫ್ಟ್‌ವೇರ್ ಇಂಜಿನಿಯರ್ ಆದ ಬಗೆ ಹೇಳಿ, ಮಕ್ಕಳಿಗೆ ಸ್ಫೂರ್ತಿ ಆಗುತ್ತೆ" ಎಂದರು. ಆ ಕಥೆ ಈಗ ಎಲ್ಲರ ಮನೆಯಲ್ಲೂ ಇದೆ. ಇಲ್ಲಿ ಓದಿ, ಬಿ.ಇ. ಮುಗಿಸಿ, ಬೆಂಗಳೂರಿನ ಬಸ್ಸು ಹತ್ತಿದವರು ನಮ್ಮ ನಡುವೆ ಎಷ್ಟೋ ಜನ ಇದ್ದಾರೆ. ಆದ್ದರಿಂದ ನಾನು ಇವತ್ತು ಬೇರೆ ವಿಷಯ ತಂದಿದ್ದೇನೆ. ನನ್ನ ಸೋದರಮಾವನಿಗಾಗಿ ನಾವು ನಾಲ್ಕೈದು ಜನ ಸೇರಿ ಮಾಡಿದ ಒಂದು ಪೆಟ್ಟಿಗೆಯ ವಿಷಯ. ಅವರು ಅದರ ಮೇಲೆ ಕೂತು ಗಿಟಾರ್ ನುಡಿಸುತ್ತಾರೆ. ಅದರ ಒಳಗೆ ಅವರಿಗೆ ಬೇಕಾದ ಸೌಂಡ್ ಸಾಮಾನೆಲ್ಲ ಇದೆ. ಇದರ ಕೊನೆಗೆ ಊರಿನವರಲ್ಲಿ ಒಂದು ಬೇಡಿಕೆಯೂ ಇದೆ. ಆದ್ದರಿಂದ ದಯವಿಟ್ಟು ಊಟದ ಕಡೆ ಈಗಲೇ ಏಳಬೇಡಿ.

ಮಾವನಿಗೆ ಈಗ 67 ವರ್ಷ. ಹರೆಯದಲ್ಲಿ ಕಾರ್ಖಾನೆ ಕೆಲಸಕ್ಕೆಂದು ಬೆಂಗಳೂರಿಗೆ ಹೋದವರು ಅಲ್ಲಿ ಸ್ಟೀಲ್ ಗಿಟಾರ್ ಕಲಿತರು. ಹಗಲು ಪಾಳಿ ಮುಗಿಸಿ ಸಂಜೆ ಆರ್ಕೆಸ್ಟ್ರಾ. ಗಣೇಶೋತ್ಸವ, ರಾಜ್ಯೋತ್ಸವ, ಮದುವೆ ಆರತಕ್ಷತೆ, ಎಲ್ಲಿ ಕರೆದರೂ ಹೋಗುತ್ತಿದ್ದರು. ನಿವೃತ್ತಿಯಾಗಿ ಊರಿಗೆ ಬಂದ ಮೇಲೆ ಭಜನೆ ಮಂಡಳಿಯ ಜೊತೆ ನುಡಿಸತೊಡಗಿದರು. ಕೈವಾರ ತಾತಯ್ಯನವರ ತತ್ವಪದಗಳನ್ನು ಅವರು ಆ ಗಿಟಾರಿನಲ್ಲಿ ಎಳೆದೆಳೆದು ನುಡಿಸುವುದನ್ನು ನಿಮ್ಮಲ್ಲಿ ಕೆಲವರಾದರೂ ಕೇಳಿರುತ್ತೀರಿ. ನಮ್ಮ ಮನೆ ಮಾತು ತೆಲುಗು, ಶಾಲೆಯ ಮಾತು ಕನ್ನಡ. ತಾತಯ್ಯನವರ ಪದಗಳೂ ಎರಡರಲ್ಲೂ ಇವೆ. ಮಾವನ ಗಿಟಾರಿಗೆ ಎರಡೂ ಬರುತ್ತದೆ ಎಂದು ನಮ್ಮಜ್ಜಿ ಹೇಳುತ್ತಿದ್ದರು.

ಸ್ಟೀಲ್ ಗಿಟಾರ್ ಅಂದರೆ ಏನು ಎಂದು ಮಕ್ಕಳಿಗೆ ಹೇಳಿಬಿಡುತ್ತೇನೆ. ಸಿನಿಮಾದಲ್ಲಿ ಹೀರೋ ಕುತ್ತಿಗೆಗೆ ನೇತುಹಾಕಿಕೊಳ್ಳುವ ಗಿಟಾರ್ ಅಲ್ಲ ಇದು. ಇದನ್ನು ತೊಡೆಯ ಮೇಲೆ ಅಂಗಾತ ಮಲಗಿಸಿ ನುಡಿಸುತ್ತಾರೆ. ಎಡಗೈಯಲ್ಲಿ ಉಕ್ಕಿನ ಒಂದು ದುಂಡು ತುಂಡು. ಅದನ್ನು ತಂತಿಯ ಮೇಲೆ ಜಾರಿಸಿದರೆ ಸ್ವರವೂ ಜಾರುತ್ತದೆ. ಈ ಪದ್ಧತಿಯನ್ನು 19ನೇ ಶತಮಾನದ ಕೊನೆಯಲ್ಲಿ ಬೆಳೆಸಿದವರು ಹವಾಯಿ ದ್ವೀಪಗಳ ಜೋಸೆಫ್ ಕೆಕುಕು ಎಂಬ ಹುಡುಗ ಎನ್ನುತ್ತಾರೆ. ಆದ್ದರಿಂದ ಇದಕ್ಕೆ ಹವಾಯಿಯನ್ ಗಿಟಾರ್ ಎಂದೂ ಹೆಸರು. ಅಲ್ಲಿಂದ ಅದು ಹಡಗು ಹತ್ತಿ ಕೋಲ್ಕತ್ತಾಗೆ ಬಂತು, ನಮ್ಮ ಸಿನಿಮಾ ಹಾಡುಗಳೊಳಗೆ ಸೇರಿತು.

ನಮಗೆ ಈ ಜಾರುವ ಸ್ವರ ಹೊಸದಲ್ಲ. ಕರ್ನಾಟಕ ಸಂಗೀತದ ಗೋಟುವಾದ್ಯದಲ್ಲೂ ಮೆಟ್ಟಿಲುಗಳಿಲ್ಲ, ತಂತಿಯ ಮೇಲೆ ಒಂದು ತುಂಡನ್ನು ಜಾರಿಸಿಯೇ ನುಡಿಸುವುದು. ಇವತ್ತು ಅದನ್ನು ಚಿತ್ರವೀಣೆ ಎನ್ನುತ್ತಾರೆ. ಅದರ ಪ್ರಸಿದ್ಧ ವಾದಕ ಎನ್. ರವಿಕಿರಣ್ 1967ರಲ್ಲಿ ಹುಟ್ಟಿದ್ದು ನಮ್ಮ ಮೈಸೂರಿನಲ್ಲೇ. ಅದೇ 1967ರಲ್ಲಿ ಹಿಂದೂಸ್ತಾನಿ ಕಡೆ ಬ್ರಿಜ್ ಭೂಷಣ್ ಕಾಬ್ರಾ ಅವರು ಶಿವಕುಮಾರ್ ಶರ್ಮಾ, ಹರಿಪ್ರಸಾದ್ ಚೌರಾಸಿಯಾ ಜೊತೆ "ಕಾಲ್ ಆಫ್ ದಿ ವ್ಯಾಲಿ" ಎಂಬ ಧ್ವನಿಮುದ್ರಿಕೆಯಲ್ಲಿ ಈ ಗಿಟಾರ್ ನುಡಿಸಿದರು. ವಿಶ್ವಮೋಹನ ಭಟ್ ಅವರಿಗೆ 1994ರಲ್ಲಿ ಗ್ರ್ಯಾಮಿ ಪ್ರಶಸ್ತಿ ಬಂತು. ಬೆಂಗಳೂರಿನಲ್ಲೇ ಪ್ರಕಾಶ್ ಸೊಂಟಕ್ಕೆ ಅವರು ಇಂಥ ಗಿಟಾರಿನಲ್ಲಿ ಹಿಂದೂಸ್ತಾನಿ ರಾಗ ನುಡಿಸುತ್ತಾರೆ. ನಮ್ಮ ಮಾವ ಅಂಥ ದೊಡ್ಡ ಕಲಾವಿದರೇನಲ್ಲ. ಆದರೆ ಆ ಬಳ್ಳಿಯ ಒಂದು ಎಲೆ ನಮ್ಮೂರ ಕಡೆಯೂ ಇದೆ ಎಂದು ನಿಮಗೆ ತಿಳಿದಿರಲಿ.

ಅವರ ಗಿಟಾರಿಗೆ ವೀಣೆಯ ಹಾಗೆ ಬುರುಡೆಯಿಲ್ಲ. ಗಟ್ಟಿ ಮರದ ಒಂದು ಹಲಗೆ, ಆರು ತಂತಿ. ಹಾಗೇ ಮೀಟಿದರೆ ಪಕ್ಕದಲ್ಲಿ ಕೂತವರಿಗೂ ಸರಿಯಾಗಿ ಕೇಳದು. ತಂತಿಯ ಕೆಳಗೆ ಒಂದು ಅಯಸ್ಕಾಂತ, ಅದರ ಸುತ್ತ ಕೂದಲಿನಂಥ ತಾಮ್ರದ ತಂತಿಯ ಸಾವಿರಾರು ಸುತ್ತು. ಉಕ್ಕಿನ ತಂತಿ ಅದುರಿದಾಗ ಸುರುಳಿಯಲ್ಲಿ ಸಣ್ಣ ವಿದ್ಯುತ್ ಹುಟ್ಟುತ್ತದೆ. ಇದನ್ನು ಪಿಕಪ್ ಎನ್ನುತ್ತಾರೆ. ಫ್ಯಾರಡೆ 1831ರಲ್ಲಿ ಕಂಡುಹಿಡಿದ ವಿದ್ಯುತ್ಕಾಂತೀಯ ಪ್ರೇರಣೆ ಇದೇ. ಇನ್ನೊಂದು ಮಾತು ಕೇಳಿ: ಮಾರುಕಟ್ಟೆಗೆ ಬಂದು ಹೆಸರು ಮಾಡಿದ ಮೊದಲ ಎಲೆಕ್ಟ್ರಿಕ್ ಗಿಟಾರ್ ಕೂಡ ತೊಡೆಯ ಮೇಲಿನ ಸ್ಟೀಲ್ ಗಿಟಾರೇ. 1932ರ ಸುಮಾರಿಗೆ ಅಮೆರಿಕದ ರಿಕನ್‌ಬ್ಯಾಕರ್ ಕಂಪನಿ ಮಾಡಿದ್ದು. ಹಿಡಿ ಇರುವ ಕಾವಲಿಯ ಹಾಗೆ ಕಾಣುತ್ತಿದ್ದರಿಂದ ಜನ ಅದನ್ನು "ಫ್ರೈಯಿಂಗ್ ಪ್ಯಾನ್" ಎಂದೇ ಕರೆದರು.

ಪಿಕಪ್ ಇದ್ದ ಮೇಲೆ ಆಂಪ್ಲಿಫೈಯರ್ ಬೇಕು, ಸ್ಪೀಕರ್ ಬೇಕು, ಕರೆಂಟ್ ಬೇಕು. ಮಾವನ ಕಷ್ಟ ಶುರುವಾಗಿದ್ದು ಅಲ್ಲಿ. ಅವರ ಹಳೆಯ ಆಂಪ್ಲಿಫೈಯರ್ 22 ಕೆ.ಜಿ. ಆರ್ಕೆಸ್ಟ್ರಾದಲ್ಲಿದ್ದಾಗ ಹೊರಲು ಹುಡುಗರಿದ್ದರು, ವ್ಯಾನ್ ಇತ್ತು. ಊರಿನಲ್ಲಿ ಯಾರನ್ನಾದರೂ ಕೇಳಬೇಕು. ಸೊಂಟದ ನೋವು ಬೇರೆ ಸೇರಿಕೊಂಡಿತು. ಎರಡನೆಯದು ಕುರ್ಚಿ. ಶಾಮಿಯಾನದವರು ಕೊಡುವ ಪ್ಲಾಸ್ಟಿಕ್ ಕುರ್ಚಿ ಹಿಂದಕ್ಕೆ ವಾಲಿರುತ್ತದೆ. ಊಟ ಮಾಡಿ ಒರಗುವುದಕ್ಕೆ ಚೆನ್ನ. ತೊಡೆಯ ಮೇಲೆ ಗಿಟಾರ್ ಇಟ್ಟರೆ ಅದು ಹೊಟ್ಟೆಯ ಕಡೆ ಜಾರುತ್ತದೆ, ಎಡಗೈಯ ಉಕ್ಕು ಒಂದು ಕೂದಲೆಳೆ ತಪ್ಪಿದರೂ ಅಪಸ್ವರ.

ಮೂರನೆಯದೇ ದೊಡ್ಡದು. ಎರಡು ವರ್ಷದ ಹಿಂದೆ ಒಂದು ಊರಿನ ಪೆಂಡಾಲಿನಲ್ಲಿ, ಮಳೆ ಬಂದು ನೆಲ ಒದ್ದೆಯಾಗಿದ್ದ ರಾತ್ರಿ, ಮಾವ ತಂತಿಯ ಮೇಲೆ ಎಡಗೈ ಇಟ್ಟುಕೊಂಡೇ ಬಲಗೈಯಿಂದ ಮೈಕ್ ಸರಿಸಿದರು. ಶಾಕ್ ಹೊಡೆಯಿತು. ಕುರ್ಚಿಯ ಸಮೇತ ಹಿಂದಕ್ಕೆ ಬಿದ್ದರು. ದೇವರ ದಯ, ಭುಜಕ್ಕೆ ಪೆಟ್ಟಾಗಿದ್ದು ಬಿಟ್ಟರೆ ಬೇರೇನೂ ಆಗಲಿಲ್ಲ. ಆದರೆ ಆಮೇಲೆ ಅವರು ಗಿಟಾರಿಗೆ ಬಟ್ಟೆ ಸುತ್ತಿ ಅಟ್ಟಕ್ಕೆ ಹಾಕಿದರು. ನಾನು ಹಬ್ಬಕ್ಕೆ ಬಂದಾಗ ಕೇಳಿದೆ, "ಯಾಕೆ ಮಾವ, ನುಡಿಸ್ತಾ ಇಲ್ಲ?"

"ಹೊರೋಕೆ ಇನ್ನೊಬ್ಬರ ಹಂಗು, ಕೂರೋಕೆ ಇನ್ನೊಬ್ಬರ ಕುರ್ಚಿ, ಕರೆಂಟು ಯಾರ್ದೋ ವೈರು. ಸಾಕಪ್ಪ. ಬೆಂಗಳೂರಿನೋರು ಒಬ್ರು ಕೇಳ್ತಾ ಅವ್ರೆ, ಕೊಟ್ಟುಬಿಡ್ತೀನಿ" ಎಂದರು. ಮುಂಗಡವನ್ನೂ ತೆಗೆದುಕೊಂಡಿದ್ದರು.

ಅವರಿಗೆ ಶಾಕ್ ಹೊಡೆದಿದ್ದು ಹೇಗೆ ಎಂದು ಮೊದಲು ನೋಡೋಣ. ಇದು ಮಾವನ ಒಬ್ಬರ ಕಥೆಯಲ್ಲ. ಎಲೆಕ್ಟ್ರಿಕ್ ಗಿಟಾರಿನ ತಂತಿಗಳು ಒಳಗಿನಿಂದ ಆಂಪ್ಲಿಫೈಯರಿನ ಲೋಹದ ಮೈಗೆ ಸೇರಿರುತ್ತವೆ. ಗೊರಗೊರ ಸದ್ದು ಬಾರದಿರಲಿ ಎಂದು ಹಾಗೆ ಮಾಡಿರುತ್ತಾರೆ. ಆ ಮೈಗೆ ಅರ್ಥಿಂಗ್ ಸರಿಯಾಗಿದ್ದರೆ ಭಯವಿಲ್ಲ. ಅರ್ಥಿಂಗ್ ಇಲ್ಲದ ಪ್ಲಗ್ಗಿಗೆ ಹಾಕಿ, ಒಳಗೆ ಎಲ್ಲೋ ಕರೆಂಟ್ ಸೋರುತ್ತಿದ್ದರೆ, ತಂತಿಗಳಿಗೇ ಕರೆಂಟ್ ಬಂದು ಕೂತಿರುತ್ತದೆ. ಬರೀ ತಂತಿ ಮುಟ್ಟಿದಾಗ ಎಷ್ಟೋ ಸಲ ಗೊತ್ತೂ ಆಗುವುದಿಲ್ಲ. ಇನ್ನೊಂದು ಕೈ ಬೇರೆ ಲೈನಿನಲ್ಲಿರುವ ಮೈಕನ್ನು ಮುಟ್ಟಿದ ಕ್ಷಣ ಮನುಷ್ಯನ ಎದೆಯೇ ದಾರಿಯಾಗುತ್ತದೆ. ಬೆವರಿದ ಮೈಗೆ ಸುಮಾರು 2000 ಓಮ್ ರೋಧ ಹಿಡಿದರೆ, 230 ವೋಲ್ಟಿಗೆ 115 ಮಿಲಿಆಂಪಿಯರ್. ಓಮನ ನಿಯಮದ ಲೆಕ್ಕ ಅಷ್ಟೇ. ಜೀವ ಹೋಗಲು ಅಷ್ಟು ಸಾಕು. 1972ರಲ್ಲಿ ಬ್ರಿಟನ್ನಿನ ಸ್ವಾನ್ಸಿ ನಗರದಲ್ಲಿ ಲೆಸ್ ಹಾರ್ವೆ ಎಂಬ ಗಿಟಾರ್ ವಾದಕರು ಹೀಗೇ ವೇದಿಕೆಯ ಮೇಲೆ ಮೈಕ್ ಮುಟ್ಟಿ ತೀರಿಕೊಂಡರು. ದೊಡ್ಡ ದೇಶ, ದೊಡ್ಡ ವೇದಿಕೆ ಎಂದು ವಿದ್ಯುತ್ತು ಮರ್ಯಾದೆ ಕೊಡುವುದಿಲ್ಲ.

ಮಾವನ ಮೂರು ತೊಂದರೆಗೂ ಒಂದೇ ಉತ್ತರ ಇರಬಹುದು ಎಂದು ನನಗೆ ಹೊಳೆದದ್ದು ಅವರ ಮಾತಿನಿಂದಲೇ. ಹೊರುವುದು, ಕೂರುವುದು, ಕರೆಂಟು ಮೂರನ್ನೂ ಅವರು ಒಂದೇ ಉಸಿರಿನಲ್ಲಿ ಹೇಳಿದ್ದರು. ಹಾಗಾದರೆ ಕೂರುವ ವಸ್ತುವಿನ ಒಳಗೇ ಎಲ್ಲ ಇಟ್ಟರೆ?

ಇದು ನನ್ನ ತಲೆಯಲ್ಲೇ ಹುಟ್ಟಿದ ಹೊಸ ವಿಚಾರವೇನಲ್ಲ. ಅಮೆರಿಕದಲ್ಲಿ ಪೆಡಲ್ ಸ್ಟೀಲ್ ಗಿಟಾರ್ ನುಡಿಸುವವರು ಮುಚ್ಚಳವಿರುವ ಪೆಟ್ಟಿಗೆಯಂಥ ಆಸನದ ಮೇಲೆ ಕೂರುತ್ತಾರೆ. ಒಳಗೆ ಕೇಬಲ್ಲು, ಪೆಡಲ್ಲು, ಉಕ್ಕಿನ ತುಂಡು ಎಲ್ಲ ಇರುತ್ತದೆ. ಕೆಲವರು ಅದರೊಳಗೆ ಸೌಂಡ್ ಸಾಮಾನನ್ನೂ ಜೋಡಿಸಿಕೊಳ್ಳುತ್ತಾರೆ. ಅಷ್ಟು ದೂರ ಯಾಕೆ, ನಮ್ಮ ಪೌರಾಣಿಕ ನಾಟಕದ ಹಾರ್ಮೋನಿಯಂ ಮೇಷ್ಟ್ರನ್ನು ನೋಡಿ. ಕಾಲು ಹಾರ್ಮೋನಿಯಂನಲ್ಲಿ ಗಾಳಿ ಒತ್ತುವ ಕೆಲಸವನ್ನು ಕಾಲಿಗೆ ಕೊಟ್ಟು ಎರಡು ಕೈಯನ್ನೂ ಸ್ವರಕ್ಕೆ ಬಿಟ್ಟಿದ್ದಾರೆ. ಬೆಂಗಳೂರಿನ ಜಿ. ರಾಜ್ ನಾರಾಯಣ್ ಅವರ ಉದಾಹರಣೆಯೂ ಇದೆ. ಅವರು ಇಂಜಿನಿಯರೂ ಹೌದು, ಕೊಳಲು ವಾದಕರೂ ಹೌದು. ತಂಬೂರಿಯನ್ನು ಊರಿಂದೂರಿಗೆ ಹೊರುವ, ಶ್ರುತಿ ಹಿಡಿಯಲು ಇನ್ನೊಬ್ಬರನ್ನು ಕೂರಿಸುವ ಕಷ್ಟವನ್ನು ನೋಡಿ 1979ರಲ್ಲಿ ಅವರ ರೇಡೆಲ್ ಸಂಸ್ಥೆ ಎಲೆಕ್ಟ್ರಾನಿಕ್ ತಂಬೂರಿ ತಂದಿತು. ಇವತ್ತು ಕೈಯಲ್ಲಿ ಹಿಡಿಯುವ ಡಬ್ಬಿ ಶ್ರುತಿ ಕೊಡುತ್ತದೆ. ಸಂಗೀತ ಗೊತ್ತಿದ್ದವರ ಕಷ್ಟ ತಿಳಿದು ಮಾಡಿದ್ದರಿಂದ ಅದು ಮನೆಮನೆಗೆ ಬಂತು.

ನಾನು ಬಿ.ಇ.ಯಲ್ಲಿ ಓದಿದ್ದು ಎಲೆಕ್ಟ್ರಾನಿಕ್ಸ್, ಅನ್ನ ತಿನ್ನುವುದು ಸಾಫ್ಟ್‌ವೇರಿನಲ್ಲಿ. ಸಾಫ್ಟ್‌ವೇರ್ ಕೆಲಸದಲ್ಲಿ ನಾವು ಮೊದಲು ಮಾಡುವುದು ಬಳಸುವವರ ಹತ್ತಿರ ಕೂತು ಕೇಳುವುದು. ಹಾಗೇ ಮಾಡಿದೆ. ಮಾವನನ್ನು ಜಗಲಿಯ ಮೇಲೆ, ಸ್ಟೂಲಿನ ಮೇಲೆ, ಜೋಡಿಸಿದ ಇಟ್ಟಿಗೆಯ ಮೇಲೆ ಕೂರಿಸಿ, ಎಲ್ಲಿ ತೊಡೆ ನೆಲಕ್ಕೆ ಸಮನಾಗಿ ನಿಲ್ಲುತ್ತದೆ ಎಂದು ಅಳೆದೆ. ಸದ್ದನ್ನು ಏರಿಸಿ ಇಳಿಸಲು ಅವರು ಬಲಗಾಲಿನಡಿ ಒಂದು ಪೆಡಲ್ ಇಟ್ಟುಕೊಳ್ಳುತ್ತಾರೆ. ಅದರಿಂದ ಬಲಮಂಡಿ ಮೇಲೆದ್ದು ಗಿಟಾರ್ ಎಡಕ್ಕೆ ವಾಲುತ್ತದೆ. ಆದ್ದರಿಂದ ಎಡಗಾಲಿಗೂ ಅಷ್ಟೇ ದಪ್ಪದ ಒಂದು ಮಣೆ, ಆಸನವೂ ಅದಕ್ಕೆ ತಕ್ಕಂತೆ ಸ್ವಲ್ಪ ಎತ್ತರ. ಪೆಟ್ಟಿಗೆ 50 ಸೆಂ.ಮೀ. ಅಗಲ, 32 ಸೆಂ.ಮೀ. ಆಳ, 42 ಸೆಂ.ಮೀ. ಎತ್ತರ, ಅದರ ಮೇಲೆ ದಿಂಬು.

ಮಕ್ಕಳೇ, ಇಲ್ಲೊಂದು ಲೆಕ್ಕ. ಇಂಥ ಪೆಟ್ಟಿಗೆಯ ಆರು ಮುಖಗಳ ಒಟ್ಟು ವಿಸ್ತೀರ್ಣ ಸುಮಾರು 1 ಚದರ ಮೀಟರ್. ಪ್ಲೈವುಡ್ಡಿನ ಸಾಂದ್ರತೆ ಘನ ಮೀಟರಿಗೆ 600 ಕೆ.ಜಿ. ಎಂದು ಹಿಡಿಯಿರಿ. 18 ಮಿ.ಮೀ. ಹಲಗೆ ಹಾಕಿದರೆ ಖಾಲಿ ಪೆಟ್ಟಿಗೆಯೇ ಸುಮಾರು 11 ಕೆ.ಜಿ. ಆಗುತ್ತದೆ, 12 ಮಿ.ಮೀ. ಹಾಕಿದರೆ 7 ಕೆ.ಜಿ. ಚಿಲ್ಲರೆ. ಮಾವನ ಸೊಂಟಕ್ಕೆ ಆ 4 ಕೆ.ಜಿ. ದೊಡ್ಡದು. ಆದರೆ ತೆಳು ಹಲಗೆ 75 ಕೆ.ಜಿ. ಮನುಷ್ಯನನ್ನು ಹೊರಬೇಕಲ್ಲ? ನಮ್ಮ ಬಡಗಿಯವರು ಒಂದು ನೋಟದಲ್ಲೇ ಹೇಳಿದರು: ಮಧ್ಯದಲ್ಲಿ ಒಂದು ಅಡ್ಡ ಹಲಗೆ ನಿಲ್ಲಿಸಿ, ಮೂಲೆಗೆ ಅಲ್ಯುಮಿನಿಯಂ ಆಂಗಲ್ ಕೊಡಿ ಎಂದು. ಆಂಗಲ್ಲನ್ನು ಕಿಟಕಿ ಗ್ರಿಲ್ ಕೆಲಸದವರು ಕತ್ತರಿಸಿಕೊಟ್ಟರು. ಆ ಅಡ್ಡ ಹಲಗೆಯಿಂದ ಒಳಗೆ ಎರಡು ಕೋಣೆಗಳೂ ಆದವು, ಒಂದು ಸ್ಪೀಕರಿಗೆ, ಒಂದು ಉಳಿದ ಸಾಮಾನಿಗೆ. ಮೇಲಿನ ದಿಂಬನ್ನು ಬೈಕ್ ಸೀಟು ಹೊಲಿಯುವವರು ರೆಕ್ಸಿನ್ ಹಾಕಿ ಹೊಲಿದರು. ಮಾವ ಮೂರು ಗಂಟೆ ಕೂರಬೇಕು, ಮೆತ್ತಗಿದ್ದರೆ ಹೂತುಹೋಗುತ್ತಾರೆ, ಗಟ್ಟಿ ಫೋಮ್ ಹಾಕೋಣ ಎಂದವರೂ ಅವರೇ.

ಈಗ ಒಳಗಿನ ಸಾಮಾನು. 12.8 ವೋಲ್ಟಿನ, 7 ಆಂಪಿಯರ್ ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ, ತೂಕ ಸುಮಾರು 1 ಕೆ.ಜಿ. ಎರಡನ್ನೂ ಗುಣಿಸಿದರೆ ಸುಮಾರು 90 ವ್ಯಾಟ್ ಅವರ್. ನುಡಿಸುವಾಗ ಸರಾಸರಿ 10 ವ್ಯಾಟ್ ಖರ್ಚು ಎಂದರೂ ಕಾಗದದ ಮೇಲೆ 9 ಗಂಟೆ, ನಾವು 6 ಗಂಟೆ ಎಂದೇ ಲೆಕ್ಕ ಇಟ್ಟಿದ್ದೇವೆ. ಬ್ಯಾಟರಿಯ ಪಕ್ಕದಲ್ಲೇ ಒಂದು ಫ್ಯೂಸ್. ಅಂಗೈಯಗಲದ ಒಂದು ಡಿಜಿಟಲ್ ಆಂಪ್ಲಿಫೈಯರ್ ಬೋರ್ಡ್. 12 ವೋಲ್ಟಿನಲ್ಲಿ 4 ಓಮ್ ಸ್ಪೀಕರಿಗೆ 15ರಿಂದ 18 ವ್ಯಾಟ್ ಕೊಡುತ್ತದೆ. ಗುಡಿಯ ಭಜನೆಗೆ ಇದು ಧಾರಾಳ. ಎಂಟು ಇಂಚಿನ ಸ್ಪೀಕರನ್ನು ಎಡ ಮಗ್ಗುಲಿಗೆ ಇಟ್ಟೆವು. ಮುಂದೆ ಇಟ್ಟರೆ ಕಾಲು ಅಡ್ಡ, ಮೇಲಿನ ಗಿಟಾರಿಗೆ ಸದ್ದು ಬಡಿದು ಕೂಗು ಏಳುತ್ತದೆ. ಹಿಂದೆ ಇಟ್ಟರೆ ಅವರಿಗೇ ಕೇಳದು. ಎಡಕ್ಕೆ ತಬಲಾದವರು ಕೂರುತ್ತಾರೆ, ಅವರಿಗೂ ಕೇಳಬೇಕು. ಆಂಪ್ಲಿಫೈಯರ್ ಬೋರ್ಡನ್ನು ತಗಡಿನ ಡಬ್ಬಿಯೊಳಗೆ ಮುಚ್ಚಿ ಪೆಟ್ಟಿಗೆಯ ಹಿಂಬದಿಯ ತಳದಲ್ಲಿ ಕೂರಿಸಿದೆವು. ಪಿಕಪ್ ಇರುವುದು ಮಾವನ ತೊಡೆಯ ಮೇಲೆ. ಸಣ್ಣ ಸುರುಳಿಯೊಂದರ ಕಾಂತಕ್ಷೇತ್ರ ದೂರ ಎರಡರಷ್ಟಾದರೆ ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಅಷ್ಟು ದೂರವೇ ಅರ್ಧ ಗೊರಗೊರ ತೆಗೆಯಿತು.

ಗಿಟಾರಿನಿಂದ ಪೆಟ್ಟಿಗೆಗೆ ಒಂದೇ ಮೀಟರ್ ಕೇಬಲ್. ಪಿಕಪ್ಪಿನ ವಿದ್ಯುತ್ ತೀರಾ ದುರ್ಬಲ, ಕೇಬಲ್ ಉದ್ದವಾದಷ್ಟೂ ಮೇಲಿನ ಸ್ವರಗಳ ಹೊಳಪು ಮಂಕಾಗುತ್ತದೆ. ಪೆಟ್ಟಿಗೆಯ ಬಾಗಿಲಲ್ಲೇ ಒಂದು ಪ್ರೀಆಂಪ್ಲಿಫೈಯರ್ ಇಟ್ಟು ಅದಕ್ಕೆ ಬಲ ಕೊಟ್ಟೆವು. ಮೊದಲ ಸಲ ಕೇಳಿದಾಗ ಮಾವ ತಂತಿ ಬದಲಾಯಿಸಿದ್ದೀಯಾ ಎಂದು ಕೇಳಿದರು.

ಇನ್ನು ಕರೆಂಟಿನ ಭಯ. ಬ್ಯಾಟರಿ ಇದ್ದ ಮೇಲೆ ಭಯ ಹೋಯಿತಲ್ಲ ಎಂದು ಅನ್ನಿಸಬಹುದು. ಗುಡಿಯೊಳಗೆ ಹೌದು. ಆದರೆ ದೊಡ್ಡ ಪೆಂಡಾಲಿನಲ್ಲಿ ಸೌಂಡ್ ಸಿಸ್ಟಂನವರು ಒಂದು ಕೇಬಲ್ ತಂದು ಪೆಟ್ಟಿಗೆಗೆ ಚುಚ್ಚುತ್ತಾರೆ. ಆ ಕೇಬಲ್ಲಿನ ಹೊರಕವಚದ ಮೂಲಕ ಅವರ ಲೈನಿನ ಲೋಹಕ್ಕೂ ಮಾವನ ತಂತಿಗೂ ಮತ್ತೆ ನಂಟು ಬೆಳೆಯುತ್ತದೆ. ಆದ್ದರಿಂದ ಹೊರಗೆ ಹೋಗುವ ದಾರಿಯಲ್ಲಿ ಬೆಂಕಿಪೊಟ್ಟಣದ ಗಾತ್ರದ ಒಂದು ಟ್ರಾನ್ಸ್‌ಫಾರ್ಮರ್ ಇಟ್ಟಿದ್ದೇವೆ. ಅದರಲ್ಲಿ ಎರಡು ಸುರುಳಿ. ಒಂದಕ್ಕೊಂದು ತಂತಿ ತಗುಲುವುದಿಲ್ಲ. ಒಂದರಲ್ಲಿ ಹಾಡು ಹರಿದರೆ ಕಾಂತಕ್ಷೇತ್ರದ ಮೂಲಕ ಇನ್ನೊಂದರಲ್ಲಿ ಅದೇ ಹಾಡು ಹುಟ್ಟುತ್ತದೆ. ಹಾಡು ದಾಟುತ್ತದೆ, ಲೋಹದ ನಂಟು ದಾಟುವುದಿಲ್ಲ. ಹೊರಗಿನ ಕವಚದ ಸಂಪರ್ಕವನ್ನು ನಮ್ಮ ಕಡೆ ಕೊಟ್ಟೇ ಇಲ್ಲ, ಸಾಕೆಟ್ಟಿನ ಮೈ ಪ್ಲಾಸ್ಟಿಕ್ಕು, ಪೆಟ್ಟಿಗೆಯ ಕಾಲಿಗೆ ರಬ್ಬರು.

ಈ ಶಾಲೆಯ ಪ್ರಯೋಗಾಲಯದಲ್ಲಿ ನಮ್ಮ ವಿಜ್ಞಾನ ಮೇಷ್ಟ್ರು ಎರಡು ಸುರುಳಿ, ಒಂದು ಸೆಲ್ಲು, ಒಂದು ಗ್ಯಾಲ್ವನೋಮೀಟರ್ ಇಟ್ಟು, ತಗುಲದೇ ಇರುವ ಸುರುಳಿಯಲ್ಲಿ ಮುಳ್ಳು ಅಲ್ಲಾಡುವುದನ್ನು ತೋರಿಸಿದ್ದರು. "ಯಾಕೆ ಅಲ್ಲಾಡಿತು?" ಎಂದು ಕೇಳಿ, ಉತ್ತರ ಹೇಳದೆ ಗಂಟೆ ಹೊಡೆಯುವ ತನಕ ಕಾದರು. ನಮ್ಮ ಜಿಲ್ಲೆಯ ಹೊಸೂರಿನಲ್ಲಿ ಹುಟ್ಟಿದ ಡಾ. ಎಚ್. ನರಸಿಂಹಯ್ಯನವರು ಭೌತಶಾಸ್ತ್ರದ ಮೇಷ್ಟ್ರಾಗಿ, 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿ, ಬದುಕಿಡೀ ಕೇಳಿಸಿದ್ದೂ ಅಂಥ ಪ್ರಶ್ನೆಗಳನ್ನೇ. ಮಾವನ ಪೆಟ್ಟಿಗೆಗೆ ಟ್ರಾನ್ಸ್‌ಫಾರ್ಮರ್ ಕೂರಿಸುವಾಗ ಆ ಅಲ್ಲಾಡಿದ ಮುಳ್ಳು ನನಗೆ ನೆನಪಿತ್ತು. ಸರ್, ತಾವು ಇಲ್ಲೇ ಕೂತಿದ್ದೀರಿ, ತಮಗೆ ಈ ಮಾತು ತಲುಪಲಿ.

ಪೆಟ್ಟಿಗೆಯಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ ಭಾಗ ಮಾತ್ರ ನನ್ನದಲ್ಲ. ಬ್ಯಾಟರಿ ಚಾರ್ಜ್ ಮಾಡುವಾಗ ಅದು ಗೋಡೆಯ ಕರೆಂಟಿಗೆ ಸೇರಿರುತ್ತದೆ. ಆ ಹೊತ್ತಿನಲ್ಲಿ ಮಾವ ನುಡಿಸಬಾರದು. ನಾನು ಒಂದು ರಿಲೇ, ಒಂದು ಕೆಂಪು ದೀಪ, ಸ್ವಲ್ಪ ಪ್ರೋಗ್ರಾಮಿಂಗ್ ಎಂದೆಲ್ಲ ಚಿತ್ರ ಬರೆಯುತ್ತಿದ್ದೆ. ಬಡಗಿಯವರು ಬೀಡಿ ಆರಿಸಿ, "ಚಾರ್ಜರ್ ಚುಚ್ಚೋ ತೂತನ್ನ ದಿಂಬಿನ ಕೆಳಗೆ ಮಡಗಿ ಸ್ವಾಮಿ. ದಿಂಬು ಎತ್ತಿದ್ರೇನೇ ಚುಚ್ಚೋಕಾಗೋದು. ಚುಚ್ಚಿದ್ರೆ ಕೂರೋಕಾಗಲ್ಲ, ಕೂತ್ರೆ ಚುಚ್ಚೋಕಾಗಲ್ಲ" ಎಂದರು. ಅಷ್ಟೇ. ರಿಲೇ ಕೆಟ್ಟುಹೋಗಬಹುದು, ದೀಪ ಸುಟ್ಟುಹೋಗಬಹುದು, ಮರೆವು ಬರಬಹುದು. ಆದರೆ ಚಾರ್ಜರ್ ಪಿನ್ನಿನ ಮೇಲೆ ಯಾರೂ ಕೂರುವುದಿಲ್ಲ. ನಮ್ಮ ಆಫೀಸಿನಲ್ಲಿ ಬಳಸುವವರು ತಪ್ಪು ಮಾಡಲಾಗದಂತೆ ವಿನ್ಯಾಸ ಮಾಡಿ ಎಂದು ತರಬೇತಿ ಕೊಡುತ್ತಾರೆ. ಅದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಾನು ನೋಡಿಲ್ಲ.

ಹಿಂದೆ ಎರಡು ಚಕ್ರ, ಮೇಲೆ ಎಳೆಯುವ ಹಿಡಿ. ಒಟ್ಟು ತೂಕ 13 ಕೆ.ಜಿ., ಖರ್ಚು ಸುಮಾರು 12 ಸಾವಿರ ರೂಪಾಯಿ. ರಸ್ತೆಯಲ್ಲಿ ಮಾವ ತಾವೇ ಎಳೆದುಕೊಂಡು ಹೋಗುತ್ತಾರೆ. ಬಸ್ಸಿನ ಮೆಟ್ಟಿಲು ಹತ್ತಿಸಲು ಮಾತ್ರ ಇನ್ನೊಂದು ಕೈ ಬೇಕು. ಅಷ್ಟನ್ನು ಕಂಡಕ್ಟರು ನಗುತ್ತಾ ಮಾಡುತ್ತಾರಂತೆ.

ಪೆಟ್ಟಿಗೆ ತಂದಿಟ್ಟ ದಿನ ಮಾವ ಮೊದಲು ಅದರ ಮೇಲೆ ಬರಿಗೈಯಲ್ಲಿ ಕೂತರು. ಎದ್ದರು, ಮತ್ತೆ ಕೂತರು. ಅತ್ತೆಯನ್ನು ಕರೆದು, "ಅಟ್ಟದ ಮೇಲಿಂದ ಅದನ್ನ ಇಳಿಸು" ಎಂದರು. ತಂತಿ ತುಕ್ಕು ಹಿಡಿದಿತ್ತು, ಎರಡು ಕಿತ್ತುಹೋದವು. ಉಳಿದ ನಾಲ್ಕರಲ್ಲೇ ಒಂದು ತತ್ವಪದ ಎತ್ತಿಕೊಂಡರು. ಮೊದಮೊದಲು ಎಡಗೈ ತಂತಿಗೆ ತಗುಲುವ ಮುಂಚೆ ಒಂದು ಕ್ಷಣ ಗಾಳಿಯಲ್ಲಿ ನಿಲ್ಲುತ್ತಿತ್ತು. ಎರಡು ವರ್ಷದ ಹಿಂದಿನ ಆ ರಾತ್ರಿ ಕೈಗೆ ಮರೆತಿರಲಿಲ್ಲ. ನಾನು ಮೀಟರ್ ಇಟ್ಟು ತೋರಿಸಿದೆ, ತಂತಿಯಿಂದ ಹೊರಗಿನ ಕೇಬಲ್ಲಿಗೆ ಸಂಪರ್ಕವೇ ಇಲ್ಲ ನೋಡಿ ಎಂದು. ಅವರು ಮೀಟರನ್ನು ನೋಡಲಿಲ್ಲ, ನನ್ನ ಮುಖ ನೋಡಿದರು. ಆಮೇಲೆ ನುಡಿಸಿದರು. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಆ ಕೈ ನಿಲ್ಲುವುದನ್ನು ಬಿಟ್ಟಿತ್ತು. ಮಾರನೆಯ ದಿನ ಬೆಂಗಳೂರಿನವರಿಗೆ ಮುಂಗಡ ವಾಪಸ್ಸು ಹೋಯಿತು.

ಶುರುವಿನಲ್ಲಿ ವಾರಕ್ಕೊಮ್ಮೆ ಮಾವನ ಫೋನ್ ಬರುತ್ತಿತ್ತು, ಆ ಲೈಟು ಯಾಕೆ ಮಿನುಗುತ್ತೆ, ಈ ತಿರುಪು ಎತ್ತ ತಿರುಗಿಸಬೇಕು ಎಂದು. ಈಗ ಮೂರು ತಿಂಗಳಿಂದ ಪೆಟ್ಟಿಗೆಯ ವಿಷಯಕ್ಕೆ ಫೋನೇ ಇಲ್ಲ. ಗುಡಿಬಂಡೆ ಕಡೆ ಹೋಗಿದ್ದೆ, ಬಾಗೇಪಲ್ಲಿ ಕಡೆ ಕರೆದಿದ್ದಾರೆ ಎಂದು ಬೇರೆ ಮಾತಿನ ನಡುವೆ ಹೇಳುತ್ತಾರೆ ಅಷ್ಟೇ. ನಮ್ಮ ವೃತ್ತಿಯಲ್ಲಿ ಇದಕ್ಕಿಂತ ದೊಡ್ಡ ಪ್ರಶಸ್ತಿ ಇಲ್ಲ. ಮಾಡಿಕೊಟ್ಟವನು ಮರೆತುಹೋಗಿ, ಬಳಸುವವರ ಕೆಲಸ ನಡೆಯುತ್ತಿರಬೇಕು.

ಈಗ ನನ್ನ ಬೇಡಿಕೆ. ಮಾವನ ಪೆಟ್ಟಿಗೆ ಮಾವನನ್ನು ಕಾಯುತ್ತದೆ. ಪಕ್ಕದಲ್ಲಿ ಕೂತ ಹಾರ್ಮೋನಿಯಂ ಮೇಷ್ಟ್ರನ್ನು, ಮೈಕ್ ಹಿಡಿದು ಹಾಡುವ ಹೆಣ್ಣುಮಕ್ಕಳನ್ನು, ಗಣೇಶನ ಪೆಂಡಾಲಿನ ಕಬ್ಬಿಣದ ಕಂಬ ಹಿಡಿದು ನಿಲ್ಲುವ ಮಕ್ಕಳನ್ನು ಕಾಯುವುದಿಲ್ಲ. ಅವರನ್ನು ಕಾಯುವ ಸಾಧನ ಬೇರೆ ಇದೆ. ಎಲೆಕ್ಟ್ರಿಷಿಯನ್ನರು ಅದನ್ನು ಇ.ಎಲ್.ಸಿ.ಬಿ. ಎನ್ನುತ್ತಾರೆ. ಹೋದ ಕರೆಂಟು, ವಾಪಸ್ಸು ಬಂದ ಕರೆಂಟು ಎರಡನ್ನೂ ಅದು ಸದಾ ತೂಗುತ್ತಿರುತ್ತದೆ. ಲೆಕ್ಕದಲ್ಲಿ 30 ಮಿಲಿಆಂಪಿಯರ್ ಕಡಿಮೆ ಬಂದರೆ, ಅಂದರೆ ಅಷ್ಟು ಕರೆಂಟು ಯಾರದೋ ಮೈಯ ಮೂಲಕ ಭೂಮಿಗೆ ಹೋಗುತ್ತಿದ್ದರೆ, ಕಣ್ಣು ಮಿಟುಕಿಸುವುದರೊಳಗೆ ಲೈನ್ ಕಡಿಯುತ್ತದೆ. ಅದರ ಮೇಲೆ ಒಂದು ಪರೀಕ್ಷೆಯ ಗುಂಡಿ ಇರುತ್ತದೆ. ಒತ್ತಿದರೆ ಕರೆಂಟು ಹೋಗಬೇಕು. ಹೋಗದಿದ್ದರೆ ಅದನ್ನು ಬದಲಾಯಿಸಬೇಕು.

ನಮ್ಮ ಬ್ಯಾಚಿನ ವತಿಯಿಂದ ಇಂಥ ಇ.ಎಲ್.ಸಿ.ಬಿ. ಹಾಕಿದ ಎರಡು ಬೋರ್ಡ್‌ಗಳನ್ನು ಮಾಡಿಸಿದ್ದೇವೆ. ಒಂದು ಶಾಲೆಗೆ. ಇವತ್ತು ನಾನು ಹಿಡಿದಿರುವ ಈ ಮೈಕೂ ಅದರ ಮೂಲಕವೇ ಬಂದಿದೆ. ಬೆಳಿಗ್ಗೆ ಹತ್ತನೇ ತರಗತಿಯ ಇಬ್ಬರು ಮಕ್ಕಳು ಗುಂಡಿ ಒತ್ತಿ ಪರೀಕ್ಷಿಸಿದ್ದಾರೆ. ಇನ್ನೊಂದು ಊರಿಗೆ. ಗಣೇಶನಿಗಿರಲಿ, ಜಾತ್ರೆಗಿರಲಿ, ನಾಟಕಕ್ಕಿರಲಿ, ಮದುವೆಗಿರಲಿ, ಶಾಲೆಯಲ್ಲಿ ಸಹಿ ಮಾಡಿ ತೆಗೆದುಕೊಂಡು ಹೋಗಿ, ಮುಗಿದ ಮೇಲೆ ತಂದಿಡಿ. ಬಾಡಿಗೆ ಇಲ್ಲ. ಹಿರಿಯರಲ್ಲಿ ನನ್ನ ಬೇಡಿಕೆ ಇಷ್ಟೇ: ಈ ಬೋರ್ಡ್ ಇಲ್ಲದೆ, ಅರ್ಥಿಂಗ್ ನೋಡದೆ, ನಮ್ಮ ಊರಿನಲ್ಲಿ ಮೈಕ್ ಹಾಕಬಾರದು ಎಂದು ಒಂದು ಮಾತು ಕೊಡಿ.

ಮಕ್ಕಳಿಗೆ ಒಂದು ಆಹ್ವಾನ. ಪೆಟ್ಟಿಗೆಯ ಅಳತೆ, ವೈರಿಂಗ್ ಚಿತ್ರ, ಸಾಮಾನಿನ ಪಟ್ಟಿ ಎಲ್ಲವನ್ನೂ ಕನ್ನಡದಲ್ಲಿ ಬರೆದು ಪ್ರಯೋಗಾಲಯಕ್ಕೆ ಕೊಟ್ಟಿದ್ದೇನೆ. ಇಂದು ಸಂಜೆಯ ಕಾರ್ಯಕ್ರಮದಲ್ಲಿ ಮಾವ ನುಡಿಸುತ್ತಾರೆ. ಮುಗಿದ ಮೇಲೆ ದಿಂಬು ಎತ್ತಿ ಒಳಗೆ ನೋಡಲು ಬಿಡುತ್ತೇನೆ ಎಂದು ಒಪ್ಪಿಕೊಂಡಿದ್ದಾರೆ. ಸರದಿಯಲ್ಲಿ ಬನ್ನಿ, ನೂಕಬೇಡಿ. ನೋಡಿದ ಮೇಲೆ ನಿಮ್ಮ ಮನೆಯಲ್ಲಿ, ನಿಮ್ಮ ಬೀದಿಯಲ್ಲಿ ಯಾರು ಏನನ್ನು ಕಷ್ಟಪಟ್ಟು ಹೊರುತ್ತಿದ್ದಾರೆ, ಯಾರು ಏನನ್ನು ಅಟ್ಟಕ್ಕೆ ಹಾಕಿದ್ದಾರೆ ಎಂದು ಒಮ್ಮೆ ವಿಚಾರಿಸಿ. ನಮ್ಮ ಬಡಗಿಯವರನ್ನೂ ವಿಚಾರಿಸಿ.